‘ಕ್ರಮ ಕೈಗೊಳ್ಳಲಾಗುವುದು’ ಸರಿ, ಯಾರು ಸ್ವಾಮಿ?

(ರಾಷ್ಟ್ರೀಯ ಸಾರ್ವಜನಿಕ ಸಂಪರ್ಕ ದಿನದಂದು ನಮ್ಮ ಕಡೆಯ ಒಂದು ಪದವಿ ಕಾಲೇಜಿನಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿದ್ದ ‘ಅಂದ್ರೆ’, ‘ಅಲ್ವಾ’ಗಳನ್ನು ಒಂದಷ್ಟು ಕಿತ್ತಿದ್ದೇನೆ. ಎಲ್ಲವನ್ನೂ ಕೀಳಲು ಆಗಲಿಲ್ಲ.)

ಎಲ್ಲರಿಗೂ ನಮಸ್ಕಾರ.

ನಿಮ್ಮ ಪ್ರಾಂಶುಪಾಲರು ನನ್ನನ್ನು ‘ಸಾರ್ವಜನಿಕ ಸಂಪರ್ಕ ತಜ್ಞೆ’ ಅಂತ ಪರಿಚಯಿಸಿದರು. ಅದು ಅವರ ದೊಡ್ಡತನ. ನಾನು ಪತ್ರಿಕೋದ್ಯಮ ಎಂ.ಎ. ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ಎರಡು ಇಂಟರ್ನಲ್ಸ್ ಇನ್ನೂ ಬಾಕಿ ಇವೆ. ತಜ್ಞೆ ಅಂದಾಗ ಹಿಂದಿನ ಸಾಲಿನಲ್ಲಿ ಕೂತಿರುವ ನನ್ನ ತಮ್ಮ ನಕ್ಕಿದ್ದು ಇಲ್ಲಿಯವರೆಗೂ ಕೇಳಿಸಿತು. ಹಾಗಾಗಿ ಇದು ಉಪನ್ಯಾಸ ಅಲ್ಲ. ಓದುವಾಗ, ಎರಡು ತಿಂಗಳು ಕೆಲಸ ಮಾಡುವಾಗ ತಲೆಯಲ್ಲಿ ಕೊರೆದ ಒಂದು ವಿಷಯ, ಅಷ್ಟೆ.

ಮೊದಲು ಒಂದು ಪ್ರಕಟಣೆ ಓದುತ್ತೇನೆ. ಇಂಥದ್ದನ್ನು ನೀವು ವಾರಕ್ಕೊಮ್ಮೆಯಾದರೂ ಪೇಪರಿನ ಮೂಲೆಯಲ್ಲಿ ನೋಡಿರುತ್ತೀರಿ.

“ತುರ್ತು ನಿರ್ವಹಣಾ ಕಾಮಗಾರಿ ಹಮ್ಮಿಕೊಂಡಿರುವುದರಿಂದ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ವಿದ್ಯುತ್ ಸರಬರಾಜಿನಲ್ಲಿ ವ್ಯತ್ಯಯ ಉಂಟಾಗಲಿದ್ದು, ಸಾರ್ವಜನಿಕರು ಸಹಕರಿಸಬೇಕೆಂದು ಪ್ರಕಟಣೆ ತಿಳಿಸಿದೆ.”

ಇದರಲ್ಲಿ ಮನುಷ್ಯರು ಎಲ್ಲಿದ್ದಾರೆ ಹೇಳಿ. ಕಾಮಗಾರಿ ಹಮ್ಮಿಕೊಂಡಿದ್ದು ಯಾರು? ಗೊತ್ತಿಲ್ಲ. ವ್ಯತ್ಯಯ ತಾನೇ ಉಂಟಾಗುತ್ತದೆ, ಮಳೆ ಬಂದ ಹಾಗೆ. ಹೋಗಲಿ, ತಿಳಿಸುವುದಾದರೂ ಯಾರು ಅಂದರೆ ಪ್ರಕಟಣೆಯೇ! ಆ ಇಡೀ ವಾಕ್ಯದಲ್ಲಿ ಉಸಿರಾಡುವವರು ಅಂತ ಇದ್ದರೆ ಅದು ಸಾರ್ವಜನಿಕರು ಮಾತ್ರ. ಅವರಿಗೂ ಒಂದೇ ಕೆಲಸ, ಸಹಕರಿಸುವುದು. ಕರೆಂಟ್ ಹೋದಾಗ ಸಹಕರಿಸುವುದು ಹೇಗೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಕತ್ತಲಲ್ಲಿ ಸುಮ್ನೆ ಕೂರುವುದಕ್ಕೆ ಆ ಹೆಸರು ಅಂತ ಕಾಣುತ್ತದೆ.

ನಗಬೇಡಿ, ಈ ಥರದ ವಾಕ್ಯಗಳನ್ನು ನಾನೇ ಬರೆದಿದ್ದೇನೆ.

ಕಳೆದ ವರ್ಷ ಇಂಟರ್ನ್‌ಶಿಪ್‌ಗೆ ನನ್ನನ್ನು ಹಾಕಿದ್ದು ಒಂದು ಊರಿಗೆ ನೀರು ಬಿಡುವ ಕಚೇರಿಗೆ. ಯಾವ ಊರು ಅಂತ ಹೇಳುವುದಿಲ್ಲ. ಅಲ್ಲಿನವರು ಎರಡು ತಿಂಗಳು ನನಗೆ ಟೀ ಕುಡಿಸಿದ್ದಾರೆ, ಅದರ ಋಣ ಇದೆ. ಅಲ್ಲಿ ಪತ್ರಿಕಾ ಪ್ರಕಟಣೆಯನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುತ್ತಿದ್ದರು, ಅದೂ ಹಳೆಯ ಫಾಂಟ್‌ನಲ್ಲಿ. ಹಾಗೇ ತಂದು ಫೇಸ್‌ಬುಕ್ಕಿಗೆ ಅಂಟಿಸಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಚಿತ್ರಾನ್ನ ಬರುತ್ತದೆ. ಯೂನಿಕೋಡ್‌ಗೆ ಬದಲಾಯಿಸಬೇಕು. ಬದಲಾಯಿಸಿದರೆ ಅರ್ಕಾವತ್ತು ಎಲ್ಲೋ ಹಾರಿಹೋಗುತ್ತದೆ. ಮೊದಲ ವಾರ ಪೂರ್ತಿ ನಾನು ಮಾಡಿದ್ದು ಕಳೆದುಹೋದ ಅರ್ಕಾವತ್ತುಗಳನ್ನು ಹುಡುಕಿ ಅವುಗಳ ಜಾಗಕ್ಕೆ ಕೂರಿಸುವ ಕೆಲಸ.

ಎರಡನೇ ವಾರ ಬಡ್ತಿ ಸಿಕ್ಕಿತು. ಕಚೇರಿಯ ಫೇಸ್‌ಬುಕ್ ಪುಟದಲ್ಲಿ ಜನ ಬರೆಯುವ ದೂರುಗಳಿಗೆ ಉತ್ತರ ಕೊಡುವುದು. ಅದಕ್ಕೆ ಕಂಪ್ಯೂಟರಿನಲ್ಲಿ ‘ರಿಪ್ಲೈ ಫಾರ್ಮ್ಯಾಟ್’ ಅಂತ ಒಂದು ಫೈಲು ಇತ್ತು. ಅದರಲ್ಲಿ ನಾಲ್ಕೇ ಉತ್ತರ. ಯಾವ ದೂರು ಬಂದರೂ ಆ ನಾಲ್ಕರಲ್ಲಿ ಒಂದನ್ನು ಎತ್ತಿ ಅಂಟಿಸಬೇಕು. ಎರಡನೆಯದು ತುಂಬಾ ಉಪಯೋಗಕ್ಕೆ ಬರುತ್ತಿತ್ತು: “ತಮ್ಮ ದೂರನ್ನು ಸಂಬಂಧಪಟ್ಟವರ ಗಮನಕ್ಕೆ ತರಲಾಗಿದೆ. ಶೀಘ್ರದಲ್ಲೇ ಸೂಕ್ತ ಕ್ರಮ ಕೈಗೊಳ್ಳಲಾಗುವುದು.”

ಒಂದು ಬುಧವಾರ ಒಬ್ಬ ಹೆಂಗಸು ಬರೆದರು: “ಮೂರು ದಿನದಿಂದ ನಮ್ಮ ಬೀದಿಗೆ ನೀರು ಬಂದಿಲ್ಲ. ಶುಕ್ರವಾರ ಮಗಳ ಸೀಮಂತ. ಐವತ್ತು ಜನ ಬರ್ತಾರೆ. ಏನು ಮಾಡಲಿ?”

ನಾನು ಎರಡನೇ ನಂಬರಿನ ಉತ್ತರ ಅಂಟಿಸಿದೆ. ಅಂಟಿಸಿ ಮಜ್ಜಿಗೆ ಕುಡಿಯಲು ಹೋದೆ.

ವಾಪಸ್ ಬರುವಷ್ಟರಲ್ಲಿ ಆಕೆ ಕೇಳಿದ್ದರು: “ಸಂಬಂಧಪಟ್ಟವರು ಅಂದ್ರೆ ಯಾರಪ್ಪ? ಅವರಿಗೆ ಹೆಸರಿದೆಯಾ? ನೀನು ಯಾರು?”

ಕೆಳಗೆ ಆಗಲೇ ನಲವತ್ತು ಕಾಮೆಂಟು. ಯಾರೋ ಅದರ ಸ್ಕ್ರೀನ್‌ಶಾಟ್ ತೆಗೆದು ಊರಿನ ವಾಟ್ಸ್ಯಾಪ್ ಗುಂಪುಗಳಿಗೆ ಹಾಕಿದ್ದರು. ಮೇಲೆ ಒಂದು ಸಾಲು ಸೇರಿಸಿದ್ದರು: ‘ಸಂಬಂಧಪಟ್ಟವರು ಕಾಣೆಯಾಗಿದ್ದಾರೆ, ಸಿಕ್ಕವರು ತಿಳಿಸಿ’. ಸಂಜೆ ಹೊತ್ತಿಗೆ ಅದು ನಮ್ಮಮ್ಮನ ಫೋನಿಗೂ ಬಂತು. ಅದನ್ನು ಬರೆದವಳು ಮಗಳೇ ಅಂತ ಗೊತ್ತಿಲ್ಲದೆ ಅವರು ನನಗೇ ಫಾರ್ವರ್ಡ್ ಮಾಡಿದರು.

ನನಗೆ ಅವಮಾನಕ್ಕಿಂತ ಕುತೂಹಲ ಜಾಸ್ತಿ ಆಯಿತು. ನಿಜವಾಗಿ ಸಂಬಂಧಪಟ್ಟವರು ಯಾರು? ಎದ್ದು ಕೆಳಗಿನ ವಿಭಾಗಕ್ಕೆ ಹೋದೆ. ಎಂಜಿನಿಯರ್ ಸೈಟಿಗೆ ಹೋಗಿದ್ದರು. ಬಾಗಿಲ ಹತ್ತಿರ ಒಬ್ಬ ವಾಲ್‌ಮ್ಯಾನ್ ಸೈಕಲ್ ಒರಗಿಸಿಕೊಂಡು ನಿಂತಿದ್ದರು. ಕೇಳಿದೆ. ಅವರು ಒಂದೇ ಉಸಿರಿಗೆ ಹೇಳಿದರು: “ಆ ಲೈನಿನ ಬೋರ್‌ವೆಲ್ ಮೋಟ್ರು ಸುಟ್ಟೋಗಿದೆ ಕಣಮ್ಮ. ರೀವೈಂಡಿಂಗಿಗೆ ಕಳ್ಸಿದೀವಿ. ನಾಳಿದ್ದು ಬರ್ತದೆ. ಸೀಮಂತ ಅಂದ್ರೆ ಒಂದು ಟ್ಯಾಂಕರ್ ಬಿಡ್ಸೋಣ, ಮನೆ ಎಲ್ಲಿ ಕೇಳು.”

ಎಲ್ಲ ಉತ್ತರವೂ ಅಲ್ಲಿತ್ತು. ಮೂವತ್ತು ಮೆಟ್ಟಿಲು ಇಳಿದರೆ ಸಿಗುವಷ್ಟು ದೂರದಲ್ಲಿ. ನಾನು ಮೇಲೆ ಬಂದು ಅದನ್ನೇ ಬರೆದೆ. ಮೋಟರ್ ಸುಟ್ಟಿದೆ, ದುರಸ್ತಿಗೆ ಹೋಗಿದೆ, ನಾಳಿದ್ದು ಬರಬಹುದು, ನಾಳೆ ಸಂಜೆ ನಿಮ್ಮ ಬೀದಿಗೆ ಟ್ಯಾಂಕರ್ ಬರುತ್ತದೆ. ಹತ್ತು ನಿಮಿಷದಲ್ಲಿ ಕಾಮೆಂಟುಗಳ ದನಿ ಇಳಿಯಿತು. ಒಬ್ಬರು ‘ಮೊದಲೇ ಹೇಳೋಕೆ ಏನಾಗಿತ್ತು’ ಅಂದರು. ಇನ್ನೊಬ್ಬರು ರೀವೈಂಡಿಂಗ್ ಯಾವ ಅಂಗಡಿಯಲ್ಲಿ ಚೆನ್ನಾಗಿ ಮಾಡುತ್ತಾರೆ ಅಂತ ಸಲಹೆ ಕೊಟ್ಟರು. ಬೈಯುತ್ತಿದ್ದ ಬೀದಿ ಹೋಗಿ ಸಲಹೆ ಕೊಡುವ ಬೀದಿ ಆಯಿತು.

ಇಲ್ಲಿಗೆ ಕಥೆ ಮುಗಿಸಿದ್ದರೆ ಚೆನ್ನಾಗಿರುತ್ತಿತ್ತು. ಮುಗಿಯಲಿಲ್ಲ. ಸಂಜೆ ಮೇಲಿನವರು ಕರೆದು ಬೈದರು. ಮೋಟರ್ ಸುಟ್ಟಿದೆ ಅಂತ ಬರೆಯಲು ಹೇಳಿದವರು ಯಾರು? ನಾಳೆ ಪೇಪರಿನವರು ಬಂದು ‘ಯಾಕೆ ಸುಟ್ಟಿತು, ಯಾವಾಗ ಕೊಂಡಿದ್ದು, ಎಷ್ಟು ಕೊಟ್ಟಿರಿ’ ಅಂತ ಕೇಳಿದರೆ? ಇನ್ನೊಂದು ಮಾತು ಹೇಳಿದರು, ಅದು ನನ್ನ ತಲೆಯಲ್ಲಿ ಉಳಿದಿದೆ: “ಪುಣ್ಯ, ಹೆಸರು ಹಾಕಿಲ್ಲ ನೀನು. ಹಾಕಿದ್ರೆ ನಾಳೆ ಜನ ಆ ವಾಲ್‌ಮ್ಯಾನ್ ಮನೆ ಮುಂದೆ ಕೊಡ ಹಿಡ್ಕೊಂಡು ನಿಲ್ತಿದ್ರು. ನನ್ನ ಮನೆ ಮುಂದೆ ಅಲ್ಲ.”

ಅದರಲ್ಲಿ ಸತ್ಯ ಇತ್ತು. ಮೋಟರ್ ನಾಳಿದ್ದು ಬರಲೂ ಇಲ್ಲ. ನಾಲ್ಕನೇ ದಿನಕ್ಕೆ ಬಂತು. ಮಧ್ಯದಲ್ಲಿ ನಾನು ಎರಡು ಸಲ ‘ಇನ್ನೂ ಬಂದಿಲ್ಲ’ ಅಂತ ಬರೆಯಬೇಕಾಯಿತು. ‘ಶೀಘ್ರದಲ್ಲೇ’ ಅಂತ ಬರೆದಿದ್ದರೆ ಆ ತೊಂದರೆ ಇರಲಿಲ್ಲ. ಶೀಘ್ರ ಅನ್ನುವುದಕ್ಕೆ ತಾರೀಕು ಇಲ್ಲ. ಕೈಗೊಳ್ಳಲಾಗುವುದು ಅನ್ನುವುದಕ್ಕೆ ಆಳು ಇಲ್ಲ. ಆ ಫೈಲು ಬರೆದವರು ದಡ್ಡರಲ್ಲ.

ನಮ್ಮಜ್ಜಿಗೆ ಈ ಕಥೆ ಹೇಳಿದಾಗ ಅವರು ಡಂಗುರದ ವಿಷಯ ತೆಗೆದರು. ಅವರ ಕಾಲದಲ್ಲಿ ತಮಟೆ ಬಡಿಯುತ್ತಾ ಒಬ್ಬರು ಬೀದಿ ಬೀದಿಗೆ ಬರುತ್ತಿದ್ದರಂತೆ. ‘ಕೇಳ್ರಪ್ಪೋ ಕೇಳಿ, ನಾಳೆ ಬೆಳಗ್ಗೆ ಕೆರೆ ತೂಬು ಎತ್ತುತಾರೆ’. ಅಷ್ಟು ಹೇಳಿ ಮುಂದೆ ಹೋಗಲು ಜನ ಬಿಡುತ್ತಿರಲಿಲ್ಲ. ಯಾರು ಹೇಳಿದ್ದು, ಎಷ್ಟೊತ್ತಿಗೆ, ಯಾವ ಗದ್ದೆಗೆ ಮೊದಲು ಅಂತ ನಿಲ್ಲಿಸಿ ಕೇಳುತ್ತಿದ್ದರಂತೆ. ಕೇಳಲು ಎದುರಿಗೆ ಒಂದು ಮುಖ ಇತ್ತು. ಆ ಪದ್ಧತಿಯನ್ನು ನಾನು ಕೊಂಡಾಡಲು ಹೋಗುವುದಿಲ್ಲ. ಆ ಕೆಲಸವನ್ನು ಜಾತಿ ನೋಡಿ ಒಬ್ಬರ ಹೆಗಲಿಗೆ ಹೇರಿದ್ದರು. ಹೇಳಿದ್ದು ಶಾನುಭೋಗರು, ಬೈಸಿಕೊಂಡಿದ್ದು ತಮಟೆಯವರು. ವಾಲ್‌ಮ್ಯಾನ್ ಮನೆ ಮುಂದೆ ಕೊಡ ಹಿಡಿದು ನಿಲ್ಲುವುದೂ ಅದೇ ತಾನೆ?

ಈಗ ಪುಸ್ತಕದ ಕಡೆಗೆ ಬರೋಣ. ನಮಗೆ ಮೊದಲ ಪಾಠದಲ್ಲೇ ಬರುವ ಹೆಸರು ಐವಿ ಲೀ. ಅಮೆರಿಕದವರು. 1906ರ ಅಕ್ಟೋಬರ್ 28ರಂದು ಅಟ್ಲಾಂಟಿಕ್ ಸಿಟಿ ಹತ್ತಿರ ಒಂದು ರೈಲು ಸೇತುವೆಯಿಂದ ನೀರಿಗೆ ಬಿತ್ತು. ಐವತ್ತಕ್ಕೂ ಹೆಚ್ಚು ಜನ ಸತ್ತರು. ಆಗ ಅಪಘಾತ ಆದರೆ ರೈಲ್ವೆ ಕಂಪನಿಗಳು ಪತ್ರಕರ್ತರನ್ನು ಹತ್ತಿರಕ್ಕೆ ಬಿಡುತ್ತಿರಲಿಲ್ಲ. ಪೆನ್ಸಿಲ್ವೇನಿಯಾ ರೈಲ್‌ರೋಡ್ ಕಂಪನಿಗೆ ಕೆಲಸ ಮಾಡುತ್ತಿದ್ದ ಲೀ ಇದನ್ನು ತಿರುಗಿಸಿದರು. ಏನಾಯಿತು ಅಂತ ತಾವೇ ಬರೆದು ಪತ್ರಿಕೆಗಳಿಗೆ ಕೊಟ್ಟರು. ಪತ್ರಕರ್ತರನ್ನು ಸ್ಥಳಕ್ಕೆ ಕರೆದುಕೊಂಡು ಹೋಗಲು ಕಂಪನಿಯಿಂದಲೇ ರೈಲು ಕೊಡಿಸಿದರು. ಅವರು ಬರೆದುಕೊಟ್ಟಿದ್ದನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಇದ್ದದ್ದು ಇದ್ದ ಹಾಗೇ ಅಚ್ಚು ಹಾಕಿತು. ಜಗತ್ತಿನ ಮೊದಲ ಪತ್ರಿಕಾ ಪ್ರಕಟಣೆ ಅಂತ ಅದನ್ನೇ ತೋರಿಸುತ್ತಾರೆ.

ಪಾಠ ಅಲ್ಲಿಗೆ ನಿಲ್ಲಿಸಿದರೆ ಲೀ ದೇವರು. ಆದರೆ 1914ರಲ್ಲಿ ಕೊಲೊರಾಡೊದ ಲಡ್ಲೋ ಎಂಬಲ್ಲಿ ಮುಷ್ಕರ ಹೂಡಿದ್ದ ಗಣಿ ಕಾರ್ಮಿಕರ ಡೇರೆಗಳ ಮೇಲೆ ದಾಳಿಯಾಗಿ ಹೆಂಗಸರು, ಮಕ್ಕಳು ಸತ್ತಾಗ ಇದೇ ಲೀ ಗಣಿಯ ಮಾಲೀಕರಾದ ರಾಕ್‌ಫೆಲರ್ ಕಡೆ ನಿಂತು ಕರಪತ್ರಗಳನ್ನು ಹಂಚಿದರು. ಅದರಲ್ಲಿ ಕಾರ್ಮಿಕ ಮುಖಂಡರ ಸಂಬಳದ ಲೆಕ್ಕ ತಪ್ಪಿತ್ತು, ಇದ್ದದ್ದಕ್ಕಿಂತ ಎಷ್ಟೋ ಜಾಸ್ತಿ ತೋರಿಸಿತ್ತು. ಆಮೇಲೆ ಅವರಿಗೆ ‘ಪಾಯಿಸನ್ ಐವಿ’ ಅಂತ ಅಡ್ಡಹೆಸರು ಬಿತ್ತು. ಅಂದರೆ ವಿಷದ ಬಳ್ಳಿ. ನನ್ನ ಕೋರ್ಸಿನ ತಾತ ಇವರೇ. ಕಿಟಕಿ ತೆರೆದವರೂ ಅವರೇ, ಪರದೆ ಎಳೆದವರೂ ಅವರೇ.

ಇನ್ನು ನಮ್ಮ ಮನೆಯ ಹತ್ತಿರದ ಉದಾಹರಣೆ. 2015ರ ಮ್ಯಾಗಿ ಗಲಾಟೆ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಆಗ ನಾನು ಪ್ರೈಮರಿ ಸ್ಕೂಲಿನಲ್ಲಿದ್ದೆ. ನನಗೆ ನೆನಪಿರುವುದು ಅಮ್ಮ ಎರಡು ಪ್ಯಾಕೆಟ್ ಎತ್ತಿ ಹಿತ್ತಲಿಗೆ ಎಸೆದದ್ದು, ಅದನ್ನು ನಾಯಿ ಮೂಸಿ ನೋಡಿ ಹೋದದ್ದು. ಸೀಸ ಜಾಸ್ತಿ ಇದೆ ಅಂತ ಮೇ ತಿಂಗಳಲ್ಲಿ ಸುದ್ದಿ ಹಬ್ಬಿತು. ಜನ ಟ್ವಿಟರ್‌ನಲ್ಲಿ ನೂರು ಥರ ಪ್ರಶ್ನೆ ಕೇಳುತ್ತಿದ್ದರು. ಮಗು ನಿನ್ನೆ ತಿಂದಿದೆ, ಏನು ಮಾಡಲಿ ಅಂತ ಕೇಳಿದವರಿಗೂ, ತಮಾಷೆ ಮಾಡಿದವರಿಗೂ ಮ್ಯಾಗಿ ತಯಾರಿಸುವ ನೆಸ್ಲೆ ಕಂಪನಿಯಿಂದ ಹೆಚ್ಚುಕಡಿಮೆ ಒಂದೇ ಉತ್ತರ ಬರುತ್ತಿತ್ತು. ಅದನ್ನು ಓದುವಾಗ ನನಗೆ ನಮ್ಮ ಎರಡನೇ ನಂಬರು ನೆನಪಾಯಿತು. ನೆಸ್ಲೆಯ ಜಾಗತಿಕ ಮುಖ್ಯಸ್ಥರು ದೆಹಲಿಗೆ ಬಂದು ಪತ್ರಕರ್ತರ ಮುಂದೆ ಕೂತದ್ದು ಜೂನ್ 5ಕ್ಕೆ. ಅದೇ ದಿನ ಆಹಾರ ಸುರಕ್ಷತಾ ಪ್ರಾಧಿಕಾರ ನಿಷೇಧ ಹೇರಿತು. ಆಗಸ್ಟ್ 13ಕ್ಕೆ ಬಾಂಬೆ ಹೈಕೋರ್ಟು ಆ ಆದೇಶ ರದ್ದು ಮಾಡಿತು, ಹೊಸದಾಗಿ ಪರೀಕ್ಷೆ ಮಾಡಿಸಿ ಅಂದಿತು. ಪರೀಕ್ಷೆ ಪಾಸಾದ ಮೇಲೆ ನವೆಂಬರ್‌ನಲ್ಲಿ ಮ್ಯಾಗಿ ಮತ್ತೆ ಅಂಗಡಿಗೆ ಬಂತು. ಮತ್ತೆ ತಯಾರಿ ಶುರು ಮಾಡಿದ ಕಾರ್ಖಾನೆಗಳಲ್ಲಿ ನಮ್ಮ ನಂಜನಗೂಡಿನದ್ದೂ ಒಂದು. ಕೋರ್ಟಿನಲ್ಲಿ ಗೆದ್ದರು ಸರಿ. ಆದರೆ ಮೊದಲ ಎರಡು ವಾರ ‘ಮಗು ತಿಂದಿದೆ’ ಅಂದ ತಾಯಿಗೆ ಒಬ್ಬ ಮನುಷ್ಯ ಉತ್ತರ ಕೊಟ್ಟಿದ್ದರೆ ನಮ್ಮಮ್ಮ ಹಿತ್ತಲಿಗೆ ಎಸೆಯುತ್ತಿರಲಿಲ್ಲ ಅಂತ ನನ್ನ ಲೆಕ್ಕ.

ಈಗ ಹಾಲಿನ ವಿಷಯ. ಇದರಲ್ಲಿ ನನಗೆ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ. ನಮ್ಮಮ್ಮ ಡೈರಿಗೆ ಹಾಲು ಹಾಕುತ್ತಾರೆ. ಬಟವಾಡೆ ದಿನ ನಮ್ಮ ಮನೆಯಲ್ಲಿ ಹಬ್ಬ.

2023ರ ಮಾರ್ಚ್‌ನಲ್ಲಿ ಮೊಸರಿನ ಪ್ಯಾಕೆಟ್ ಮೇಲೆ ‘ದಹಿ’ ಅಂತ ಬರೆದು, ಪಕ್ಕದಲ್ಲಿ ಬ್ರಾಕೆಟ್ ಒಳಗೆ ‘ಮೊಸರು’ ಅಂತ ಹಾಕಿ ಅನ್ನುವ ಸೂಚನೆ ಆಹಾರ ಸುರಕ್ಷತಾ ಪ್ರಾಧಿಕಾರದಿಂದ ಬಂತು. ಕರ್ನಾಟಕದಲ್ಲೂ ತಮಿಳುನಾಡಿನಲ್ಲೂ ಜನ ಎದ್ದರು. ನಮ್ಮ ಮೊಸರು ನಮ್ಮ ಪ್ಯಾಕೆಟ್ಟಿನಲ್ಲೇ ಬ್ರಾಕೆಟ್ ಒಳಗೆ ಯಾಕೆ ಕೂರಬೇಕು ಅಂತ. ಮಾರ್ಚ್ 30ಕ್ಕೆ ಸೂಚನೆ ಬದಲಾಯಿತು. ‘ಕರ್ಡ್’ ಜೊತೆಗೆ ಬ್ರಾಕೆಟ್‌ನಲ್ಲಿ ಆಯಾ ಕಡೆಯ ಜನ ಮೊಸರಿಗೆ ಕರೆಯುವ ಹೆಸರು ಹಾಕಬಹುದು ಅಂತಾಯಿತು. ನೋಡಿದರೆ ಮೊಸರು ಇನ್ನೂ ಬ್ರಾಕೆಟ್ ಒಳಗೇ ಇದೆ, ಇರಲಿ ಬಿಡಿ.

ಆ ಬಿಸಿ ಆರಿರಲಿಲ್ಲ. ಏಪ್ರಿಲ್ 5ಕ್ಕೆ ಅಮುಲ್ ಒಂದು ಟ್ವೀಟ್ ಹಾಕಿತು, ಬೆಂಗಳೂರಿಗೆ ತಾಜಾ ಹಾಲು ಮೊಸರು ತರುತ್ತಿದ್ದೇವೆ ಅಂತ. ಬೇರೆ ಯಾವ ವಾರ ಹಾಕಿದ್ದರೂ ಅದು ಸಾಮಾನ್ಯ ಜಾಹೀರಾತು. ಆದರೆ ವಿಧಾನಸಭೆ ಚುನಾವಣೆಗೆ ಇನ್ನು ಒಂದು ತಿಂಗಳು ಚಿಲ್ಲರೆ ದಿನ ಇತ್ತು. ಹಿಂದಿನ ಡಿಸೆಂಬರ್‌ನಲ್ಲಿ ಮಂಡ್ಯ ಜಿಲ್ಲೆಯಲ್ಲಿ ಅಮಿತ್ ಶಾ ಅವರು ಅಮುಲ್ ಮತ್ತು ಕೆಎಂಎಫ್ ಒಟ್ಟಿಗೆ ಕೆಲಸ ಮಾಡಬೇಕು ಅಂದಿದ್ದು ಜನರ ತಲೆಯಲ್ಲಿ ಹಾಗೇ ಇತ್ತು. ಮೇಲೆ ದಹಿ. ‘ಸೇವ್ ನಂದಿನಿ’, ‘ಗೋ ಬ್ಯಾಕ್ ಅಮುಲ್’ ಅಂತ ಹ್ಯಾಷ್‌ಟ್ಯಾಗುಗಳು ಓಡಿದವು. ಬೆಂಗಳೂರಿನ ಹೋಟೆಲ್ ಮಾಲೀಕರ ಸಂಘ ನಾವು ನಂದಿನಿ ಹಾಲನ್ನೇ ಬಳಸುತ್ತೇವೆ ಅಂದಿತು. ನಾವು ಅಂಗಡಿಯಲ್ಲಿ ಹಾಲು ಮಾರಲು ಬಂದಿಲ್ಲ, ಆನ್‌ಲೈನ್‌ನಲ್ಲಿ ಮಾತ್ರ, ನಂದಿನಿ ಜೊತೆ ಪೈಪೋಟಿ ಅಲ್ಲ ಅಂತ ಅಮುಲ್‌ನವರು ಆಮೇಲೆ ವಿವರಿಸಿದರು. ಆ ವಿವರಣೆಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಟ್ವೀಟ್ ಹಾಕುವ ಮುಂಚೆ ಬೆಂಗಳೂರಿನ ಒಬ್ಬ ಹಾಲಿನ ಬೂತಿನವರನ್ನು ‘ಇವತ್ತು ಹಾಕಬಹುದಾ’ ಅಂತ ಕೇಳಿದ್ದರೆ ಸಾಕಿತ್ತು.

ಇಲ್ಲಿ ನನಗೆ ಸೋಜಿಗ ಅನ್ನಿಸಿದ್ದು ಬೇರೆ. ಅಷ್ಟು ದಿನ ನಂದಿನಿ ಪರವಾಗಿ ಗಂಟಲು ಹರಿದುಕೊಂಡವರಲ್ಲಿ ಕೆಎಂಎಫ್‌ನಿಂದ ಸಂಬಳ ತೆಗೆದುಕೊಳ್ಳುವವರು ಎಷ್ಟು ಜನ? ಜನರೇ ಮಾತಾಡಿದರು. ರಾಜಕೀಯದವರು ಅದರ ಮೇಲೆ ಸವಾರಿ ಮಾಡಿದರು, ಅದು ಬೇರೆ ಮಾತು. ಆದರೆ ಜನ ಯಾಕೆ ಮಾತಾಡಿದರು? ಆಗ ನಂದಿನಿ ಟೋನ್ಡ್ ಹಾಲು ಲೀಟರಿಗೆ 39 ರೂಪಾಯಿಗೆ ಸಿಗುತ್ತಿತ್ತು, ಅದೊಂದು ಕಾರಣ. ಇನ್ನೊಂದು ಕಾರಣ ನಮ್ಮೂರಿನ ಡೈರಿಯಲ್ಲಿದೆ. ಬೆಳಿಗ್ಗೆ ಆರಕ್ಕೆ ಕ್ಯಾನು ಹಿಡಿದು ಸಾಲು ನಿಂತರೆ ಸೆಕ್ರೆಟರಿ ಎದುರಿಗೆ ಇರುತ್ತಾರೆ. ‘ನಿನ್ನೆ ಫ್ಯಾಟು ಯಾಕೆ ಕಮ್ಮಿ ತೋರಿಸ್ತು?’ ಅಂತ ಅಮ್ಮ ಕೇಳುತ್ತಾರೆ. ‘ನಿಮ್ಮ ಹಸು ಕೇಳಿ ಅತ್ತೆ, ನನ್ನ ಯಾಕೆ ಕೇಳ್ತೀರಿ’ ಅನ್ನುತ್ತಾರೆ ಅವರು. ಜಗಳ ಆಗುತ್ತದೆ. ಸಂಜೆ ಮತ್ತೆ ಕ್ಯಾನು ಹಿಡಿದು ಹೋಗುತ್ತಾರೆ. ದಿನಕ್ಕೆ ಎರಡು ಸಲ, ವರ್ಷವಿಡೀ. ನಾನು ಓದಿದ ಯಾವ ಪಠ್ಯಪುಸ್ತಕವೂ ಇದನ್ನು ಸಾರ್ವಜನಿಕ ಸಂಪರ್ಕ ಅಂತ ಕರೆಯುವುದಿಲ್ಲ. ಏಪ್ರಿಲ್‌ನಲ್ಲಿ ಕೆಲಸಕ್ಕೆ ಬಂದದ್ದು ಅದೇ.

ಮೈಸೂರು ಸ್ಯಾಂಡಲ್ ಸೋಪಿನ ವಿಷಯ ಇದಕ್ಕೆ ಉಲ್ಟಾ. 1916ರಲ್ಲಿ ಶುರುವಾದ ಸರ್ಕಾರಿ ಕಾರ್ಖಾನೆ ಅದು. 2025ರ ಮೇ ತಿಂಗಳಲ್ಲಿ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ ರಾಯಭಾರಿ ಮಾಡಿಕೊಂಡರು, 6.2 ಕೋಟಿ ರೂಪಾಯಿಗೆ. ಆದೇಶದ ಪ್ರತಿ ಹೊರಬಂದದ್ದೇ ತಡ, ಫೋನು ಫೋನಿಗೂ ಹೋಯಿತು. ಕನ್ನಡದ ನಟಿಯರು ಇರಲಿಲ್ವಾ ಅನ್ನುವುದು ಒಂದು ಪ್ರಶ್ನೆ. ಡಾ. ರಾಜ್‌ಕುಮಾರ್, ಪುನೀತ್ ಇಬ್ಬರೂ ನಂದಿನಿಗೆ ಒಂದು ಪೈಸೆ ತೆಗೆದುಕೊಳ್ಳದೆ ನಿಂತಿದ್ದರಲ್ಲ ಅನ್ನುವುದು ಇನ್ನೊಂದು.

ಆಗ ಕೈಗಾರಿಕಾ ಸಚಿವ ಎಂ.ಬಿ. ಪಾಟೀಲರು ತಮ್ಮ ಸ್ವಂತ ಎಕ್ಸ್ ಖಾತೆಯಿಂದ ಉತ್ತರ ಬರೆದರು. ಕರ್ನಾಟಕದ ಹೊರಗಿನ ಮಾರುಕಟ್ಟೆ ಬೇಕು, ಅದಕ್ಕಾಗಿ ಮಂಡಳಿಯವರು ಮಾರುಕಟ್ಟೆ ಬಲ್ಲವರ ಜೊತೆ ಕೂತು ತೆಗೆದುಕೊಂಡ ತೀರ್ಮಾನ ಇದು ಅಂದರು. 2028ರ ಹೊತ್ತಿಗೆ ವರ್ಷಕ್ಕೆ 5,000 ಕೋಟಿ ವಹಿವಾಟಿನ ಗುರಿ ಇದೆ ಅಂದರು. ನನಗೆ ಆ ಉತ್ತರ ಪೂರ್ತಿ ಒಪ್ಪಿಗೆ ಇಲ್ಲ. ಸೋಪಿಗೆ ಹೊರಗಡೆ ಗಿರಾಕಿ ಬೇಕು ಅನ್ನುವುದು ಸರಿ, ಆದರೆ ಆ ಮಾತನ್ನು ಆದೇಶ ಹೊರಬೀಳುವ ಮುಂಚೆ ನಮಗೂ ಹೇಳಬಹುದಿತ್ತು. ಆದರೂ ಒಂದು ವ್ಯತ್ಯಾಸ ಗಮನಿಸಿ. ಬಯ್ಯಲು ಒಂದು ಹೆಸರು ಸಿಕ್ಕಿತು, ಅದೂ ವಾಲ್‌ಮ್ಯಾನ್ ಹೆಸರಲ್ಲ. ಆಮೇಲಿನ ಜಗಳ ‘ಹೊರಗಿನ ಮಾರುಕಟ್ಟೆಗೆ ಇವರೇ ಬೇಕಿತ್ತಾ’ ಅನ್ನುವುದರ ಮೇಲೂ ನಡೆಯಿತು. ಅದು ಮಾಡಬಹುದಾದ ಜಗಳ.

ಹೆಸರಿಲ್ಲದ ಮಾತು ಬರೀ ಬೇಜಾರಿನ ವಿಷಯ ಅಂದುಕೊಳ್ಳಬೇಡಿ. 2012ರ ಆಗಸ್ಟ್‌ನಲ್ಲಿ ಬೆಂಗಳೂರಿನಿಂದ ಈಶಾನ್ಯ ರಾಜ್ಯಗಳ ಸಾವಿರಾರು ಜನ ಗುವಾಹಟಿ ರೈಲು ಹತ್ತಿ ಹೋದರು. ಅಸ್ಸಾಂನಲ್ಲಿ ಗಲಭೆಯಾಗಿತ್ತು, ಇಲ್ಲಿ ನಿಮ್ಮ ಮೇಲೆ ದಾಳಿ ಆಗುತ್ತದೆ ಅಂತ ಮೊಬೈಲ್‌ಗಳಲ್ಲಿ ಸುದ್ದಿ ಹಬ್ಬಿತ್ತು. ಗಾಬರಿ ಬೇಡ, ರಕ್ಷಣೆ ಕೊಡುತ್ತೇವೆ ಅಂತ ಟಿವಿಯಲ್ಲಿ ಹೇಳುತ್ತಲೇ ಇದ್ದರು. ರಾಜ್ಯದ ಗೃಹ ಸಚಿವರೇ ಸ್ಟೇಷನ್ನಿಗೆ ಹೋಗಿ ಹೋಗಬೇಡಿ ಅಂದರು. ರೈಲು ತುಂಬುವುದು ನಿಲ್ಲಲಿಲ್ಲ. ಕೊನೆಗೆ ಕೇಂದ್ರ ಸರ್ಕಾರ ಐದಕ್ಕಿಂತ ಜಾಸ್ತಿ ಎಸ್ಎಂಎಸ್ ಒಟ್ಟಿಗೆ ಕಳಿಸದಂತೆ ದೇಶಕ್ಕೆಲ್ಲ ಮಿತಿ ಹಾಕಿತು. ಸ್ಟೇಷನ್ನಿನಲ್ಲಿ ನಿಂತ ಹುಡುಗನ ಜಾಗದಲ್ಲಿ ನಿಂತು ಯೋಚಿಸಿ. ಮೆಸೇಜು ಬಂದಿರುವುದು ರೂಮ್‌ಮೇಟ್‌ನಿಂದ, ಅಣ್ಣನಿಂದ. ಭರವಸೆ ಬಂದಿರುವುದು ಅವನು ಯಾವತ್ತೂ ಮಾತಾಡಿಸದ ಕಚೇರಿಯಿಂದ. ಅದು ಅವತ್ತಿನವರೆಗೂ ಅವನನ್ನು ಒಂದು ಸಲವೂ ಮಾತಾಡಿಸಿರಲಿಲ್ಲ. ಯಾರನ್ನು ನಂಬುತ್ತಾನೆ?

2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ವಾಟ್ಸ್ಯಾಪ್ ಸುದ್ದಿಗೆ ನಮ್ಮ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಒಬ್ಬ ಅಮಾಯಕ ಸತ್ತಾಗಲೂ ಹೀಗೇ. ಆ ಜುಲೈನಲ್ಲೇ ವಾಟ್ಸ್ಯಾಪ್ ‘ಫಾರ್ವರ್ಡೆಡ್’ ಅಂತ ಗುರುತು ಹಾಕಲು ಶುರು ಮಾಡಿತು, ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಕಳಿಸಬಹುದು ಅಂತ ಮಿತಿ ತಂದಿತು. ಆ ಗುರುತು ನೋಡಿದಾಗ ನನಗೆ ಅನ್ನಿಸುವುದು, ಅದೂ ಒಂಥರಾ ‘ಪ್ರಕಟಣೆ ತಿಳಿಸಿದೆ’ ಅಲ್ವಾ? ಯಾರೋ ಎಲ್ಲೋ ಹೇಳಿದ್ದಾರೆ. ನಾನಂತೂ ಅಲ್ಲ.

ರೀಲ್ಸ್ ಮಾಡುವ ನಿಮ್ಮಂಥವರಿಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ದುಡ್ಡು ಅಥವಾ ವಸ್ತು ಪಡೆದು ಏನನ್ನಾದರೂ ಹೊಗಳಿದರೆ ಅದು ಜಾಹೀರಾತು ಅಂತ ಕಾಣುವ ಹಾಗೆ ಹಾಕಬೇಕು. ಜಾಹೀರಾತು ಮಾನದಂಡ ಮಂಡಳಿಯ ನಿಯಮ 2021ರಿಂದ ಇದೆ, 2023ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಮಾರ್ಗಸೂಚಿಯೂ ಬಂತು. ಇಂಗ್ಲಿಷಿನಲ್ಲೇ ಹಾಕಬೇಕು ಅಂತಿಲ್ಲ, ಕನ್ನಡದಲ್ಲೂ ಹಾಕಬಹುದು. ಆದರೂ ‘ಇದು ಜಾಹೀರಾತು’ ಅಂತ ಕನ್ನಡದಲ್ಲಿ ಬರೆದ ಒಂದು ರೀಲನ್ನೂ ನಾನು ನೋಡಿಲ್ಲ. ಇಪ್ಪತ್ತು ಹ್ಯಾಷ್‌ಟ್ಯಾಗುಗಳ ನಡುವೆ ‘ಕೊಲ್ಯಾಬ್’ ಅಂತ ಒಂದು ಪದ ಮುಖ ಮುಚ್ಚಿಕೊಂಡು ಕೂತಿರುತ್ತದೆ. ನನ್ನ ಕ್ಲಾಸ್‌ಮೇಟ್ ಒಬ್ಬಳಿಗೆ ತಲೆಗೂದಲ ಎಣ್ಣೆಯವರು 3,000 ರೂಪಾಯಿ ಕೊಡುತ್ತೇವೆ ಅಂದರು, ಜಾಹೀರಾತು ಅಂತ ಹಾಕಬಾರದು ಅನ್ನುವ ಷರತ್ತಿನ ಮೇಲೆ. ಅವಳು ಬೇಡ ಅಂದಳು. ಹಾಸ್ಟೆಲ್ ಮೆಸ್ ಬಿಲ್ ಕಟ್ಟುವ ವಾರ ಅದು. ಅವಳ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ ಅಂತ ಇಲ್ಲಿ ನಿಂತು ಹೇಳುವ ಧೈರ್ಯ ನನಗಿಲ್ಲ.

ಮಾತು ಮುಗಿದ ಮೇಲೆ ಪ್ರಶ್ನೆಗಳಿಗೆ ಸಮಯ ಕೊಟ್ಟರು. ಗ್ರಾಮ ಪಂಚಾಯಿತಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬ ಹಿರಿಯರು ಎದ್ದು ನಿಂತರು. “ನೋಡಮ್ಮ, ಮೂವತ್ತು ವರ್ಷ ನಾನೂ ‘ಲಾಗುವುದು’ ಅಂತಲೇ ಬರೆದೆ. ಹಾಗಲ್ಲದೆ ಬೇರೆ ಹೇಗೆ ಬರೀಬೇಕಿತ್ತು? ಬೋರ್ಡಿನ ಮೇಲೆ ಬರಿ ನೋಡೋಣ.”

ಮೊದಲು ಓದಿದ ಕರೆಂಟಿನ ಪ್ರಕಟಣೆಯನ್ನೇ ತಗೊಂಡೆವು. ಸಭೆಯಲ್ಲಿದ್ದವರೂ ಸೇರಿಕೊಂಡರು. ಅಳಿಸಿ ಬರೆದು ಕೊನೆಗೆ ನಿಂತದ್ದು ಹೀಗೆ: “ಸಂತೆಪೇಟೆ ರಸ್ತೆಯ ಟ್ರಾನ್ಸ್‌ಫಾರ್ಮರ್ ಹಳೆಯದಾಗಿದೆ, ನಾಳೆ ಬದಲಾಯಿಸುತ್ತೇವೆ. ಬೆಳಿಗ್ಗೆ 10ರಿಂದ 5ರವರೆಗೆ ಕರೆಂಟ್ ಇರುವುದಿಲ್ಲ. ಹಿಟ್ಟಿನ ಗಿರಣಿಯವರು ಇವತ್ತೇ ಬೀಸಿಕೊಳ್ಳಿ. ತಡವಾದರೆ 4 ಗಂಟೆಗೆ ಇಲ್ಲೇ ತಿಳಿಸುತ್ತೇವೆ.” ಕೆಳಗೆ ಅಧಿಕಾರಿಯ ಹೆಸರು, ಫೋನ್ ನಂಬರು. ಗಿರಣಿಯ ಸಾಲು ಸೇರಿಸಿದ್ದು ಆ ಹಿರಿಯರೇ. ‘ಅವನೇ ಮೊದಲು ಬಂದು ಬೈಯೋದು’ ಅಂದರು. ಹೆಸರಿನ ಜಾಗದಲ್ಲಿ ಯಾರ ಹೆಸರು ಅಂತ ಚರ್ಚೆ ಆಯಿತು. ಲೈನ್‌ಮ್ಯಾನ್ ಹೆಸರು ಬೇಡ, ಸಹಿ ಹಾಕುವವರ ಹೆಸರೇ ಇರಲಿ ಅಂತ ತೀರ್ಮಾನವಾಯಿತು.

ಆಮೇಲೆ ಎರಡನೇ ಸಾಲಿನಿಂದ ಒಬ್ಬಳು ಹುಡುಗಿ ಕೈ ಎತ್ತಿದಳು. ಬಿ.ಕಾಂ. ಮೊದಲ ವರ್ಷ ಅಂತೆ.

“ಅಕ್ಕ, ಆ ಮೋಟರ್ ಸುಟ್ಟಿದೆ ಅಂತ ಬರೆದ್ರಲ್ಲ, ಆ ಉತ್ತರದ ಕೆಳಗೆ ನಿಮ್ಮ ಹೆಸರು ಹಾಕಿದ್ರಾ?”

ಆ ಹೆಂಗಸು ಕೇಳಿದ್ದು ಮೂರು ಪ್ರಶ್ನೆ. ‘ನೀನು ಯಾರು’ ಅನ್ನುವುದೂ ಅದರಲ್ಲಿ ಇತ್ತು.

ಹಾಕಿರಲಿಲ್ಲ. ‘ಪುಟದ ನಿರ್ವಾಹಕರು’ ಅಂತ ಹಾಕಿದ್ದೆ. ನಿರ್ವಾಹಕರಲ್ಲಿ ಅರ್ಕಾವತ್ತು ಸರಿ ಇದೆಯಾ ಅಂತ ಎರಡು ಸಲ ನೋಡಿಕೊಂಡಿದ್ದೆ.